ಹಾಡುವವರ ಮುಖ ಬಿಡಬೇಡ ಅಂತ ಕೂಸಿಗೆ ಹೇಳು

ತಂಗೀ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಕೇಳಿದೆ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕಣ್ಣು ಬಿಡುವುದಿಲ್ಲ, ಮಾತಲ್ಲೇ ಹೇಳುತ್ತೇನೆ. ಬಾವಾ, ನೀವೂ ಕೇಳಿ. ಕೂಸಿಗೆ ಕಾಲೇಜಿನಲ್ಲಿ ಒಂದು ಮ್ಯೂಸಿಕ್ ವಿಡಿಯೋ ಮಾಡಿ ತರಲು ಹೇಳಿದ್ದಾರೆ. ಇಂಥ ವಿಡಿಯೋಗಳ ರೂಢಿಯನ್ನು ನಿಮ್ಮದು ಎಲ್ಲಿ ಪಾಲಿಸಿದೆ, ಎಲ್ಲಿ ಮುರಿದಿದೆ ಅಂತ ಬರೆದೂ ಕೊಡಬೇಕು. ಅವಳು ಮಾಡಿದ್ದು ಯೂಟ್ಯೂಬಿನ ಜಾನಪದ ಸಾಂಗ್ ಥರ ಇಲ್ಲ, ಮಾರ್ಕ್ಸ್ ಹೋಗುತ್ತದೇನೋ ಅಂತ ನಿನ್ನ ಹೆದರಿಕೆ. ಅಷ್ಟೇ ಅಲ್ವಾ?

ಕೂಸು ಮೊನ್ನೆ ಕಳಿಸಿದ್ದನ್ನು ನಾಲ್ಕು ಸಲ ನೋಡಿದ್ದೇನೆ. ಚೆನ್ನಾಗಿದೆ ತಂಗಿ. ಪ್ರೀತಿ ಕೈಕೊಟ್ಟ ಹಾಡು. ನಮ್ಮ ಕಡೆ ಇಂಥ ಹಾಡಿನಲ್ಲಿ ಏನೇನಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಶುರುವಿಗೆ ಸಾಹಿತ್ಯ ಇವರದು, ಗಾಯನ ಇವರದು ಅಂತ ದೊಡ್ಡ ಹಳದಿ ಅಕ್ಷರ. ಆಮೇಲೆ ಟ್ರ್ಯಾಕ್ಟರ್, ಹೊಲ, ಮೇಲಿಂದ ಡ್ರೋನ್. ಹುಡುಗಿ ಬೇರೆಯವನನ್ನು ಮದುವೆಯಾಗಿ ಹೋಗುತ್ತಾಳೆ, ಹುಡುಗ ಬೇವಿನ ಮರದ ಕೆಳಗೆ ಬಾಟಲಿ ಹಿಡಿದು ಅಳುತ್ತಾನೆ. ಕೊನೆಯ ನುಡಿಯಲ್ಲಿ ಬರೆದವರ ಹೆಸರು, ಊರು. ನಮ್ಮ ಕೂಸು ಹಳದಿ ಅಕ್ಷರ ಇಟ್ಟಿದ್ದಾಳೆ, ಕೊನೆಯ ನುಡಿಗೆ ಊರಿನ ಹೆಸರೂ ಇಟ್ಟಿದ್ದಾಳೆ. ಆದರೆ ಇಲ್ಲಿ ಕೈಕೊಟ್ಟವನು ಹುಡುಗ. ಹುಡುಗಿ ಅಳುತ್ತಾ ಕೂರುವುದಿಲ್ಲ, ಇಲ್ಲೇ ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಹೊಲಿಯುತ್ತಾಳೆ. ಪಲ್ಲವಿಗೆ ಎಲ್ಲರೂ ಡ್ರೋನ್ ಹಾರಿಸುತ್ತಾರಲ್ಲ, ಇವಳು ಕ್ಯಾಮೆರಾ ಕೆಳಗಿಳಿಸಿ ಪೆಡಲ್ ಮೇಲಿನ ಪಾದ ತೋರಿಸಿದ್ದಾಳೆ. ಪಾದ ಒತ್ತಿದರೆ ಸೂಜಿ ಓಡುತ್ತದೆ, ಸೂಜಿ ನಿಂತಲ್ಲಿ ಹಲಗಿಯ ಪೆಟ್ಟು ಬೀಳುತ್ತದೆ. ಬೆರಳ ಸಂದಿಯಲ್ಲಿ ನೀಲಿ ನೂಲಿನ ಧೂಳು ಕೂತಿರುವುದೂ ಕಾಣುತ್ತದೆ. ಅದನ್ನು ನೋಡಿ ನನಗೆ ಬಹಳ ಖುಷಿಯಾಯಿತು.

ನನ್ನ ಹೆದರಿಕೆ ಬೇರೆ. ಆ ಹುಡುಗಿಯ ಮುಖ ಎಲ್ಲಿ? ಕೈ, ಕಾಲು, ಬೆನ್ನು, ಜಡೆ. ಮುಖ ಒಮ್ಮೆಯೂ ಪೂರ್ತಿ ಬರುವುದಿಲ್ಲ. ಕೇಳಿದರೆ, "ಮಾಮಾ, ಅದು ಬೇಕಂತಲೇ ಬಿಟ್ಟಿದ್ದು" ಅಂದಳು. ನನ್ನ ಎದೆ ಧಸಕ್ ಅಂತು. ಸಿರುಗುಪ್ಪ ದೊಡ್ಡಮ್ಮನ ವಿಷಯ ಗೊತ್ತಿದ್ದವರಿಗೆ ಯಾಕೆ ಅಂತ ತಿಳಿಯುತ್ತದೆ. ಗೊತ್ತಿಲ್ಲದ ಮಕ್ಕಳೂ ಇಲ್ಲಿದ್ದಾರೆ, ಹೇಳುತ್ತೇನೆ.

ಆಗ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಸ್ಟುಡಿಯೋ. ಹೆಗಲ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾ, ಮದುವೆ ಸೀಸನ್ ಬಂತು ಅಂದರೆ ಬಲಭುಜ ಬಾತುಕೊಳ್ಳುತ್ತಿತ್ತು. ಕ್ಯಾಸೆಟ್ ಮಾಡುವವರೊಬ್ಬರು ಬಂದು ದೊಡ್ಡಮ್ಮನ ಐದು ದೇವರ ಪದಕ್ಕೆ ವಿಡಿಯೋ ಮಾಡಿಕೊಡು ಅಂದರು. ಬೀಸುಕಲ್ಲಿನ ಮುಂದೆ ಕೂತು ಹಾಡಿ ಹಾಡಿ ಗಟ್ಟಿಯಾದ ದನಿ ಅದು. ಭಕ್ತಿಗೀತೆಯ ವಿಡಿಯೋ ಅಂದರೆ ಆಗ ಒಂದೇ ಅಚ್ಚು. ಹಾಡುವವರು ಗುಡಿಯ ಮುಂದೆ ಕೈಮುಗಿದು ನಿಲ್ಲಬೇಕು. 'ಗುರುವೇ' ಅಂದ ಕೂಡಲೇ ದೇವರ ಮುಖ. ಪಲ್ಲವಿಗೆ ತೇರು, ಜನ, ಉತ್ತತ್ತಿ ಎಸೆಯುವ ಕೈಗಳು.

ನನಗೆ ಅದು ಬೇಡ ಅನಿಸಿತು. ಸಣ್ಣ ವಯಸ್ಸು. ವಿಡಿಯೋ ಪಾರ್ಲರ್‌ನಲ್ಲಿ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ನೋಡಿದ್ದೆ. 1983ರದ್ದು, ಜಾನ್ ಲ್ಯಾಂಡಿಸ್ ನಿರ್ದೇಶನ. ಬೇರೆಯವರ ಹಾಡು ನಾಲ್ಕೈದು ನಿಮಿಷಕ್ಕೆ ಮುಗಿದರೆ ಅದು ಹೆಚ್ಚುಕಡಿಮೆ 14 ನಿಮಿಷ, ಹಾಡಿಗೆ ಮುಂಚೆಯೇ ಒಂದು ಕಥೆ ಶುರುವಾಗಿರುತ್ತದೆ. ಹಾಗಾದರೆ ಎಲ್ಲ ಮುರಿದವನೇ ಗೆಲ್ಲುವುದು ಅಂದುಕೊಂಡೆ. ಆದರೆ 'ಥ್ರಿಲ್ಲರ್'ನಲ್ಲೂ ಹಾಡುವವನ ಮುಖ ಇದೆ, ಕುಣಿತ ಇದೆ, ಗುಂಪಿನ ನಟ್ಟನಡುವೆ ಅವನೇ ನಿಂತಿದ್ದಾನೆ. ಅವನು ಉಳಿಸಿಕೊಂಡದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಎರಡು ದಿನ ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಶೂಟ್ ಮಾಡಿದೆ. ಗುಡಿ ಇಲ್ಲ, ದೇವರಿಲ್ಲ, ತೇರಿಲ್ಲ. ಬಂಡೆ, ನೀರು, ಬೋರಲು ಹಾಕಿದ ಹರಿಗೋಲು. ಮರಳಲ್ಲಿ ನಡೆಯುವ ದೊಡ್ಡಮ್ಮನ ಪಾದ, ನೀರಲ್ಲಾಡುವ ಕೈ. ಪಾಪ, ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. "ಯಪ್ಪಾ, ನನ್ನ ಮುಖ ಬೀಳುತ್ತದಲ್ಲ?" ಅಂತ ಕೇಳಿದಳು. "ಬೇಡ ದೊಡ್ಡಮ್ಮ, ದನಿ ಸಾಕು" ಅಂದೆ.

ಕ್ಯಾಸೆಟ್‌ನವರು ಎರಡು ನಿಮಿಷ ನೋಡಿ ಟಿವಿ ಆರಿಸಿದರು. "ಅಂಗಡಿಯವನು ಇದನ್ನು ಯಾವ ಸಾಲಿನಲ್ಲಿ ಇಡಬೇಕು? ಭಕ್ತಿಗೀತೆಯಲ್ಲೋ, ಭಾವಗೀತೆಯಲ್ಲೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಡು ಹೊರಗೆ ಬರಲೇ ಇಲ್ಲ. ಮುಂದಿನ ವರ್ಷ ದೊಡ್ಡಮ್ಮ ಹೋದಳು. ಗೋಡೆಗೆ ಹಾಕಲು ಒಂದು ಫೋಟೋ ಬೇಕು ಅಂತ ಅಣ್ಣ ನನ್ನನ್ನೇ ಕೇಳಿದ. ಎರಡು ದಿನ ಕ್ಯಾಮೆರಾ ಅವಳ ಎದುರಿಗೇ ಇತ್ತು ತಂಗಿ. ಟೇಪಿನಲ್ಲಿ ಪಾದ ಇದೆ, ಬಳೆ ಇದೆ, ದನಿ ಇದೆ. ಮುಖ ಇಲ್ಲ. ಸಿರುಗುಪ್ಪ ಮನೆಯ ಪಡಸಾಲೆಯಲ್ಲಿರುವುದು ವೋಟರ್ ಕಾರ್ಡಿನ ಫೋಟೋ, ದೊಡ್ಡದು ಮಾಡಿಸಿದ್ದು. ಅದಕ್ಕೇ ಕಣ್ಣು ಹಾಗೆ ಮಸುಕಾಗಿವೆ.

ಅದಕ್ಕೇ ಕೂಸಿಗೆ ಹೇಳು. ಎಲ್ಲ ರೂಢಿಯನ್ನೂ ಒಟ್ಟಿಗೆ ಮುರಿಯಬೇಡ, ಹಾಡುವವರ ಮುಖ ಬಿಡಬೇಡ. ಬಯಲಾಟ ನೋಡಿಲ್ಲವಾ ನಾವು? ಮೊದಲು ಗಣಪತಿ ಪದ. ದೊರೆ ಬಂದರೆ ಸಾರಥಿ ಎದುರು ನಿಂತು ತಾವು ಯಾರು ಅಂತ ಕೇಳಿ ಹೆಸರು ಹೇಳಿಸುತ್ತಾನೆ. ಆಮೇಲೆ ಸಾರಥಿ ಊರ ಸುದ್ದಿಯನ್ನೆಲ್ಲ ಎಳೆದು ತಂದರೂ ಜನ ಬೆಳಗಿನವರೆಗೆ ಕೂರುತ್ತಾರೆ. ಎದುರಿಗೆ ನಿಂತವರು ಯಾರು ಅಂತ ಅವರಿಗೆ ಗೊತ್ತಾಗಿರುತ್ತದೆ.

ಮಾತು ಬಂತು ಅಂತ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹೋದ ವರ್ಷ ನಮ್ಮನೆ ಮದುವೆಗೆ ಬೆಂಗಳೂರಿಂದ ವಿಡಿಯೋದವರನ್ನು ಕರೆಸಿದಿರಿ. ನಾನು ಬೇಡ ಅನ್ನಲಿಲ್ಲ. ಅರಿಷಿಣದ ದಿನ ಕೊಪ್ಪಳ ಅತ್ತೆ ಸೋಬಾನೆ ಪದ ಎತ್ತಿಕೊಂಡರು. ಆ ಹುಡುಗರು ಎರಡು ಸೆಕೆಂಡು ತೆಗೆದು ಕ್ಯಾಮೆರಾ ಇಳಿಸಿಬಿಟ್ಟರು. ಪೂರ್ತಿ ತೆಗೆಯಿರಪ್ಪ ಅಂದೆ. "ಅಂಕಲ್, ಇದು ಸಿನಿಮ್ಯಾಟಿಕ್‌ಗೆ ಕೂರಲ್ಲ" ಅಂದ ಒಬ್ಬ. ನಮ್ಮವರೇ ಒಬ್ಬರು ಬಂದು ನೀವು ಊಟಕ್ಕೆ ಕೂತ್ಕೊಳ್ಳಿ ಅಂತ ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಮೂವತ್ತು ವರ್ಷ ಅದೇ ಕೆಲಸ ಮಾಡಿದವನು ನಾನು. ಈಗ ಆ ವಿಡಿಯೋ ಹಾಕಿ ನೋಡಿ. ಅತ್ತೆಯ ತುಟಿ ಅಲ್ಲಾಡುತ್ತದೆ, ಮೇಲೆ ಯಾವುದೋ ಹಿಂದಿ ಹಾಡು. ಅತ್ತೆಗೆ ಈಗ ನಾಲ್ಕು ಮಾತಾಡಿದರೂ ದಮ್ಮು ಹತ್ತುತ್ತದೆ. ಆ ಪದ ಇನ್ನು ಯಾರಿಂದ ಹಾಡಿಸುತ್ತೀರಿ? ಅದಕ್ಕೇ ಮತ್ತೊಮ್ಮೆ ಹೇಳುವುದು, ಎಲ್ಲ ಒಟ್ಟಿಗೆ ಮುರಿಯಬೇಡ, ಮುಖ ಬಿಡಬೇಡ.

ಅಯ್ಯೋ, ಸೋಮವಾರ ಕೊಡಬೇಕು ಅಂದೆಯಲ್ಲ, ಮುಖ್ಯ ವಿಷಯವೇ ಬಿಟ್ಟೆ. ಎಲ್ಲಿ ಮುರಿದಿರಿ ಅಂತ ಕಾಲೇಜಿನವರೇ ಕೇಳಿದ್ದಾರೆ. ಹಾಗಾಗಿ ಮುರಿದಿದ್ದಕ್ಕೆ ಮಾರ್ಕ್ಸ್ ಹೋಗುವುದಿಲ್ಲ, ಯಾಕೆ ಅಂತ ಹೇಳಲು ಬರದಿದ್ದರೆ ಹೋಗುತ್ತದೆ. ಸುಮ್ನೆ ಚೆನ್ನಾಗಿ ಕಾಣಲಿ ಅಂತ ಮಾಡಿದೆ ಅಂತ ಬರೆಯಬಾರದು. ವಿಡಿಯೋ ನಿಲ್ಲಿಸಿ ಆ ಫ್ರೇಮಿನ ಚಿತ್ರ ಅಂಟಿಸಿ, ಪಕ್ಕದಲ್ಲಿ ನಿಮಿಷ, ಸೆಕೆಂಡು ಹಾಕಲಿ. ಅದೇ ಜಾಗದಲ್ಲಿ ಬೇರೆ ಎರಡು ಮೂರು ಜಾನಪದ ವಿಡಿಯೋದಲ್ಲಿ ಏನಿದೆ ಅಂತಲೂ ಬರೆಯಲಿ. ಡ್ರೋನ್ ಹಾರಿದರೆ ಹೊಲ ಎಷ್ಟು ದೊಡ್ಡದು ಅಂತ ಕಾಣುತ್ತದೆ. ಈ ಹುಡುಗಿಗೆ ಹೊಲ ಎಲ್ಲಿದೆ? ದುಡಿಯುವ ಕಾಲು ಇದೆ. ಅದನ್ನು ಬಿಡಿಸಿ ಬರೆಯಲಿ. ಹಾಡಿನ ಮಾತಿಗೂ ಚಿತ್ರಕ್ಕೂ ಇರುವ ನಂಟನ್ನೂ ಬರೆಯಬೇಕು. ಮಾತು ಹೇಳಿದ್ದನ್ನೇ ಚಿತ್ರ ತೋರಿಸಬಹುದು, ಅದಕ್ಕೆ ಇನ್ನೇನೋ ಸೇರಿಸಬಹುದು, ಇಲ್ಲ ತಿರುಗಿಯೂ ಬೀಳಬಹುದು. ಕಣ್ಣೀರು ಅಂತ ಬರುವ ಸಾಲಿಗೆ ಅವಳು ಜೀನ್ಸ್ ತೊಳೆದ ನೀಲಿ ನೀರು ತೋರಿಸಿದ್ದಾಳಲ್ಲ, ಅದು ಸೇರಿಸುವ ಬಗೆ. ಹಾಸ್ಟೆಲ್‌ನ ನಾಲ್ಕೈದು ಹುಡುಗಿಯರಿಗೆ ಏನೂ ಹೇಳದೆ ತೋರಿಸಲಿ, ಅವರಿಗೆ ಏನು ತಿಳಿಯಿತೋ ಅದನ್ನು ಇದ್ದ ಹಾಗೇ ಬರೆದುಕೊಳ್ಳಲಿ.

ಹಾಡಿದ್ದು ಗೆಳತಿ ಅಂದಳು, ಸರಿ. ಹಿಂದಿನ ಮ್ಯೂಸಿಕ್ ಟ್ರ್ಯಾಕ್ ಎಲ್ಲಿಂದ ತಂದಳು ಕೇಳು. ಪದ ಎಷ್ಟೇ ಹಳೆಯದಿರಲಿ, ರೆಕಾರ್ಡ್ ಮಾಡಿದವರಿಗೆ ಆ ರೆಕಾರ್ಡಿಂಗ್ ಮೇಲೆ ಹಕ್ಕಿರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಅದು 60 ವರ್ಷ. ಕಾಲೇಜಿಗೆ ಕೊಡುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ಹಾಕುವುದಾದರೆ ಒಪ್ಪಿಗೆ ಬರೆಸಿಕೊಳ್ಳಬೇಕು.

ಮುಖದ ಶಾಟ್ ಒಂದೇ ಸಾಕು, ಕೊನೆಯ ನುಡಿಯಲ್ಲಿ ಊರಿನ ಹೆಸರು ಬರುವಾಗ. ಅಲ್ಲಿಯವರೆಗೆ ಬಚ್ಚಿಟ್ಟಿದ್ದಕ್ಕೂ ಆಗ ಬೆಲೆ ಬರುತ್ತದೆ. ಹಾಡನ್ನು ಜೋರಾಗಿ ಹಾಕಿ, ಹುಡುಗಿ ಅದರ ಜೊತೆ ನಿಜವಾಗಿ ದನಿ ತೆಗೆದು ಹಾಡಲಿ. ಬರೀ ತುಟಿ ಆಡಿಸಿದರೆ ಕುತ್ತಿಗೆಯ ನರ ಉಬ್ಬುವುದಿಲ್ಲ, ಸುಳ್ಳು ಅಂತ ಗೊತ್ತಾಗಿಬಿಡುತ್ತದೆ. ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಯೂನಿಟ್‌ನವರನ್ನು ಕೇಳಿಕೊಂಡು ತೆಗೆಯೋಣ, ನಾನೂ ಬರುತ್ತೇನೆ. ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬರಲು ಹೇಳು. ಸ್ಪೀಕರ್ ನನ್ನ ಹತ್ತಿರ ಇದೆ.