ತಣ್ಣನೆಯ ಮೋಡಕ್ಕೂ ‘ಝಳ’ ಅನ್ನಬಹುದೇ?

ಗೆಳೆಯರೆ, ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಹವಾಮಾನ ಉಪಗ್ರಹಗಳ ಬಗ್ಗೆ ಬರೆಯುತ್ತಿದ್ದೇನೆ. ‘ವಿಕಿರಣ’ ಎಂಬ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಶಾಖ ಸಾಗುವ ಬಗೆಗಳು ವಹನ, ಸಂವಹನ, ವಿಕಿರಣ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಕರಡು ಓದಿದ ನನ್ನ ಅಕ್ಕನ ಮಗಳು, ‘ಮೋಡದಿಂದ ವಿಕಿರಣ ಬರುತ್ತಾ ಮಾಮ? ಅಪಾಯ ಅಲ್ವಾ?’ ಅಂತ ಕೇಳಿದಳು. ಅವಳ ತಪ್ಪಲ್ಲ. ಪೇಪರಿನಲ್ಲಿ ಆ ಪದ ಜಾಸ್ತಿ ಬರುವುದೇ ಅಣುಸ್ಥಾವರ, ಮೊಬೈಲ್ ಟವರ್, ಕ್ಯಾನ್ಸರ್ ಚಿಕಿತ್ಸೆಯ ಸುದ್ದಿಯಲ್ಲಿ.

ಅದರ ಬದಲು ‘ಝಳ’ ಅಂದರೆ ಹೇಗೆ? ನಮ್ಮಜ್ಜಿಯ ಬಚ್ಚಲಲ್ಲಿ ಹಂಡೆ ಒಲೆ ಇತ್ತು. ನಾಲ್ಕಡಿ ದೂರ ನಿಂತರೂ ಮುಖಕ್ಕೆ ಝಳ ಹೊಡೆಯುತ್ತಿತ್ತು. ಅಜ್ಜಿ ಸೌದೆ ತಳ್ಳಲು ಅಡ್ಡ ಕೂತರೆ ತಟ್ಟನೆ ನಿಲ್ಲುತ್ತಿತ್ತು. ಗಾಳಿ ಅದೇ, ಬೆಂಕಿಯೂ ಅದೇ. ಕಾವು ಹಾಗಲ್ಲ. ಕೋಳಿ ಕಾವಿಗೆ ಕೂರುವುದು ಮೊಟ್ಟೆಗೆ ಮೈ ತಾಗಿಸಿಕೊಂಡೇ. ಸೆಕೆ ಸುತ್ತಲಿನ ಗಾಳಿಯದ್ದು. ದೂರದಿಂದ ಬಂದು ತಾಗುವುದು ಝಳ ಮಾತ್ರ.

ಉಪಗ್ರಹಕ್ಕೆ ಸಿಗುವುದೂ ಇದೇ. 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ ಕೂತು ಗಾಳಿಗೆ ಥರ್ಮಾಮೀಟರ್ ಇಡಲಾಗದು. ಕೆಳಗಿನಿಂದ ಬರುವ ಅವಗೆಂಪು ಕಿರಣವನ್ನು ಅಳೆಯುತ್ತದೆ, ಅಷ್ಟೇ. ಕಿರಣದ ತರಂಗಾಂತರ 11 ಮೈಕ್ರಾನ್ ಆಸುಪಾಸಿನಲ್ಲಿದ್ದು, ಮೋಡ ಇಲ್ಲದಿದ್ದರೆ, ನೆಲದ್ದೇ ಹೆಚ್ಚುಕಡಿಮೆ ನೇರ ಮೇಲೆ ಬರುತ್ತದೆ. 6.7 ಮೈಕ್ರಾನ್ ಸುತ್ತ ನೀರಾವಿ ಅಜ್ಜಿಯ ಹಾಗೆ ಅಡ್ಡ ಕೂರುತ್ತದೆ. ಕೆಳಗಿನದನ್ನು ನುಂಗಿ, ತನ್ನದನ್ನು ಸೂಸುತ್ತದೆ.

ಮುನ್ಸೂಚನೆಯ ಕಂಪ್ಯೂಟರ್ ಇದನ್ನು ಉಲ್ಟಾ ಕಡೆಯಿಂದ ಹಿಡಿಯುತ್ತದೆ. ‘ಗಾಳಿಯ ಬಿಸಿ, ತೇವ ನಾನು ಅಂದುಕೊಂಡ ಹಾಗೇ ಇದ್ದರೆ ಉಪಗ್ರಹಕ್ಕೆ ಎಷ್ಟು ಕಾಣಬೇಕು?’ ಅಂತ ಮೊದಲು ಲೆಕ್ಕ ಹಾಕುತ್ತದೆ. ಆರ್‌ಟಿಟಿಒವಿ, ಸಿಆರ್‌ಟಿಎಂ ಎಂಬ ತಂತ್ರಾಂಶಗಳ ಕೆಲಸ ಈ ಲೆಕ್ಕವೇ. ಲೆಕ್ಕಕ್ಕೂ ನಿಜವಾಗಿ ಕಂಡದ್ದಕ್ಕೂ ಇರುವ ವ್ಯತ್ಯಾಸ ನೋಡಿ, ತಾನು ಅಂದುಕೊಂಡಿದ್ದನ್ನು ತಿದ್ದಿಕೊಂಡು ಮುನ್ಸೂಚನೆ ಶುರುಮಾಡುತ್ತದೆ. ನಾನು ಇದನ್ನು ‘ಝಳದ ಲೆಕ್ಕ’ ಅಂತ ಬರೆದೆ. ಮಗು ಒಂದೇ ಓದಿಗೆ ಹಿಡಿದುಕೊಂಡಳು.

ತೊಡಕು ಇರುವುದು ಮುಂದೆ. ದೊಡ್ಡ ಗುಡುಗು ಮೋಡದ ನೆತ್ತಿ ಮೈನಸ್ 70 ಡಿಗ್ರಿಯಷ್ಟು ತಣ್ಣಗಿರಬಹುದು. ಅದೂ ಸೂಸುತ್ತಲೇ ಇರುತ್ತದೆ, ಕಡಿಮೆ ಅಷ್ಟೇ. ಆ ಕಡಿಮೆಯಿಂದಲೇ ಮೋಡ ಎಷ್ಟು ಎತ್ತರ ಬೆಳೆದಿದೆ ಅಂತ ಗೊತ್ತಾಗುವುದು. ಈಗ ‘ತಣ್ಣನೆಯ ಮೋಡದ ಝಳ’ ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದಾ? ನನಗೆ ಝಳ ಅಂದ ಕೂಡಲೇ ಬಿಸಿಲು, ಬೆಂಕಿಯೇ ಕಣ್ಣಿಗೆ ಬರುತ್ತದೆ. ‘ಸೂಸು’ ಧಾತುವಿಗೆ ಆ ಹಂಗಿಲ್ಲ. ಹೂವು ಪರಿಮಳ ಸೂಸುತ್ತದೆ, ದೀಪ ಬೆಳಕು ಸೂಸುತ್ತದೆ. ಅದರಿಂದ ಒಂದು ನಾಮಪದ ಕಟ್ಟೋಣ ಅಂದರೆ ‘ಸೂಸುವಿಕೆ’ ಉದ್ದವಾಯಿತು, ‘ಸೂಸು’ ಒಂದೇ ನಿಲ್ಲುವುದಿಲ್ಲ.

ಜೊತೆಗೆ ಇನ್ನೊಂದು: ಬ್ರೈಟ್‌ನೆಸ್ ಟೆಂಪರೇಚರ್. ‘ಪ್ರಕಾಶ ತಾಪಮಾನ’ ಅಂದರೆ ಮಕ್ಕಳು ಹೊಳಪು ಹುಡುಕುತ್ತಾರೆ. ಸೂಸಿದ್ದನ್ನು ನೋಡಿ ಊಹಿಸಿದ ತಾಪ ಅದು. ‘ಕಂಡ ತಾಪ’ ಅಂತ ಇಟ್ಟಿದ್ದೇನೆ. ಸರಿಯಾ?

ನಿಮ್ಮ ಕಡೆ ಝಳವನ್ನು ಬಿಸಿಯಲ್ಲದ ಯಾವುದಕ್ಕಾದರೂ ಹೇಳುತ್ತಾರಾ? ಕರಾವಳಿಯವರು, ಕಲಬುರಗಿ-ರಾಯಚೂರು ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸಿ.