ದೇವರಾಯನದುರ್ಗದಿಂದ ಶಿವನಸಮುದ್ರಕ್ಕೆ ಶಿಂಷಾ ಗುಂಟ ಸೈಕಲ್: ಇಬ್ಬರಿಗೆ ಸಾಮಾನು, ಟೆಂಟು, ದಾರಿ ಹೇಗೆ?

ಎರಡುಗಾಲಿ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಡಿಸೆಂಬರ್ ಕೊನೆಯ ವಾರ ಆರು ದಿನ ರಜೆ ಇಟ್ಟುಕೊಂಡಿದ್ದೀವಿ. ಶಿಂಷಾ ಹುಟ್ಟುವ ದೇವರಾಯನದುರ್ಗದ ಬೆಟ್ಟದಿಂದ ಶಿವನಸಮುದ್ರದ ಕಡೆಗೆ ನದಿ ಹಿಡಿದುಕೊಂಡೇ ಹೋಗಿ, ರಾತ್ರಿ ಟೆಂಟಿನಲ್ಲಿ ಉಳಿಯುವ ಯೋಚನೆ. ನದಿಯ ಉದ್ದ 221 ಕಿ.ಮೀ. ಅಂತ ಓದಿದೆ. ಅದನ್ನು ಆರರಿಂದ ಭಾಗಿಸಿದರೆ ದಿನಕ್ಕೆ 40 ಕಿ.ಮೀ. ಒಳಗೇ ಬರುತ್ತೆ. ಆ ಲೆಕ್ಕ ಸರಿಯೇ?

ಇಬ್ಬರದೂ ಹೈಬ್ರಿಡ್ ಸೈಕಲ್. 700x35 ಟೈರು, ಮುಂದಿನ ಚಕ್ರಗಳ ಹಲ್ಲು 48-38-28, ಹಿಂದೆ 7 ಗೇರಿನ 14-28 ಹಲ್ಲಿನ ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು), ವಿ-ಬ್ರೇಕ್. ಅವರ ತೂಕ 78 ಕೆ.ಜಿ., ನನ್ನದು 56. ಟೆಂಟು, ಹಾಸಿಗೆ, ಒಲೆ, ಬಟ್ಟೆ ಎಲ್ಲಾ ಸೇರಿ 32 ಕೆ.ಜಿ. ಆಗಿದೆ. ಎರಡು ಸೈಕಲ್ಲಿಗೂ ಹಿಂದೆ ಕ್ಯಾರಿಯರ್ ಮಾತ್ರ ಇದೆ. ನದಿ ದಂಡೆಯಲ್ಲಿ ಟೆಂಟ್ ಹಾಕಬಹುದಾ, ನೀರಿಗೆ ಏನು ಮಾಡೋದು, ಸಾಮಾನು ಹೇಗೆ ಹಂಚಿಕೊಳ್ಳೋದು, ದಯವಿಟ್ಟು ವಿವರವಾಗಿ ಹೇಳಿ.

ಕೆರೆಏರಿ:

ಮೇಡಂ, ಮೊದಲು ಆ ಭಾಗಾಕಾರ ಬಿಟ್ಟುಬಿಡಿ. 221 ಕಿ.ಮೀ. ಅನ್ನೋದು ನೀರು ಹರಿಯುವ ದಾರಿ. ಅದರ ಪಕ್ಕದಲ್ಲೇ ಉದ್ದಕ್ಕೂ ರಸ್ತೆ ಇಲ್ಲ. ತುಮಕೂರು, ಗುಬ್ಬಿ ಸೀಮೆಯಲ್ಲಿ ಶಿಂಷಾ ನೋಡೋಕೆ ಹಳ್ಳದ ಹಾಗೇ ಇದೆ, ಬಹಳ ಕಡೆ ಡಿಸೆಂಬರ್‌ನಲ್ಲಿ ಒಣಗಿರುತ್ತೆ. ಹೊಳೆ ಕಾಣುತ್ತಾ ಹೋಗಬೇಕು ಅಂದುಕೊಂಡರೆ ಬೇಜಾರಾಗುತ್ತೆ. ಕೆರೆಯಿಂದ ಕೆರೆಗೆ ಹೋಗುವ ಸವಾರಿ ಅಂತ ಹಾಕಿಕೊಳ್ಳಿ, ಆಗ ಈ ದಾರಿ ನಿಜವಾಗಲೂ ಚೆನ್ನಾಗಿದೆ.

ದೇವರಾಯನದುರ್ಗವನ್ನು ಪ್ರವಾಸದ ಮೊದಲ ದಿನಕ್ಕೆ ಸೇರಿಸಬೇಡಿ. ತುಮಕೂರಿಂದ ಸುಮಾರು 15 ಕಿ.ಮೀ. ಅಷ್ಟೇ. ಹಿಂದಿನ ಭಾನುವಾರ ಸಾಮಾನಿಲ್ಲದೆ ಬೆಳಿಗ್ಗೆ ಹೋಗಿ ನಾಮದ ಚಿಲುಮೆ, ಬೆಟ್ಟ ನೋಡಿಕೊಂಡು ಬಂದುಬಿಡಿ. ತುಂಬಿದ ಸೈಕಲ್ಲಿನಲ್ಲಿ ಆ ಏರು ಹತ್ತಿದರೆ ಮೊಣಕಾಲಿಗೆ ಬಿದ್ದ ಪೆಟ್ಟು ಆರೂ ದಿನ ಕಾಡುತ್ತೆ. ಸುತ್ತ ಕಾಡು, ಚಿರತೆ ಕರಡಿ ಇರುವ ಜಾಗ, ಕತ್ತಲಾಗುವ ಮುಂಚೆ ಇಳಿದಿರಬೇಕು. ಅಂದಹಾಗೆ ಅದೇ ಬೆಟ್ಟದಲ್ಲಿ ಜಯಮಂಗಲಿಯೂ ಹುಟ್ಟುತ್ತೆ. ಅದು ಕೊರಟಗೆರೆ ಕಡೆ, ಉತ್ತರಕ್ಕೆ ಹೋಗೋದು. ಮ್ಯಾಪಿನಲ್ಲಿ ಒಂದಕ್ಕೊಂದು ಬೆರೆಸಿಕೊಳ್ಳಬೇಡಿ.

ಆಮೇಲೆ ಗುಬ್ಬಿ, ಕಡಬ, ಮಾಯಸಂದ್ರ, ಯಡಿಯೂರು, ಮಾರ್ಕೋನಹಳ್ಳಿ ಜಲಾಶಯ, ಅಮೃತೂರು. ಅಲ್ಲಿಂದ ಹುಲಿಯೂರುದುರ್ಗದ ಕಡೆ ತಿರುಗಿ ಮದ್ದೂರು, ಮಳವಳ್ಳಿ, ಶಿವನಸಮುದ್ರ. ಗುಬ್ಬಿ ತನಕ ಹೆದ್ದಾರಿಯಲ್ಲಿ ಸುಮಾರು 20 ಕಿ.ಮೀ. ಲಾರಿ ಓಡಾಟವಿದೆ, ಬೆಳಿಗ್ಗೆ ಆರಕ್ಕೆ ಹೊರಟು ಮುಗಿಸಿಬಿಡಿ. ಯಡಿಯೂರಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ ಅಡ್ಡ ಬರುತ್ತೆ. ಅದರ ಮೇಲೆ ಎಷ್ಟು ಕಡಿಮೆ ಓಡಿಸಿದರೆ ಅಷ್ಟು ಒಳ್ಳೇದು. ಮದ್ದೂರಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಸಿಗುತ್ತೆ. ಅದರ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಯಾವುದೂ ಹತ್ತುವ ಹಾಗಿಲ್ಲ. ಸರ್ವಿಸ್ ರಸ್ತೆಯಲ್ಲೇ ಇರಿ.

ದಿನಕ್ಕೆ 45–50 ಕಿ.ಮೀ. ಇಟ್ಟುಕೊಂಡು ಐದು ದಿನ ಓಡಿಸಿ, ಒಂದು ದಿನ ಖಾಲಿ ಬಿಡಿ. ಮದ್ದೂರಿನಲ್ಲಿ ಆ ಖಾಲಿ ದಿನ ಕಳೆದರೆ ಕೊಕ್ಕರೆ ಬೆಳ್ಳೂರಿಗೆ ಸಾಮಾನಿಲ್ಲದೆ ಹೋಗಿ ಬರಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಡಿಸೆಂಬರ್ ಕೊನೆಗೆ ಬರೋಕೆ ಶುರುವಾಗಿರುತ್ತೆ.

ಶಿಂಷಾ ಕಾವೇರಿಗೆ ಸೇರುವ ಸಂಗಮದ ತನಕ ಸೈಕಲ್ ಒಯ್ಯುವ ಆಸೆ ಬಿಡಿ. ಆ ಭಾಗ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ ಕಾಡು, ಆನೆ ಇದೆ. ಗಗನಚುಕ್ಕಿ ನೋಡುವ ಜಾಗದಲ್ಲಿ ಪ್ರವಾಸ ಮುಗಿಸಿ. ಚಳಿಗಾಲದಲ್ಲಿ ಧಾರೆ ತೆಳುವಾಗಿರಬಹುದು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಇದೇ ಶಿವನಸಮುದ್ರದಿಂದ. ನಮ್ಮ ಕಡೆಯವರು ಅಷ್ಟು ದೂರ ಹೋಗಿ ಅದನ್ನು ನೆನೆಯದೆ ಬರಬಾರದು.

ಕಡ್ಡಿ36:

ಅಕ್ಕಾ, 32 ಕೆ.ಜಿ. ಜಾಸ್ತಿ. ಆರು ದಿನಕ್ಕೆ, ದಾರಿಯಲ್ಲಿ ದಿನಾ ಹೋಟೆಲು ಸಿಗುವ ಕಡೆ, ಇಬ್ಬರಿಗೆ ಸೇರಿ ನೀರು ಬಿಟ್ಟು 22 ಕೆ.ಜಿ. ಮೀರಬಾರದು. ಕಾರಣ ಹಿಂದಿನ ಗಾಲಿ. ಸವಾರರ ತೂಕವೇ ಬಹುಪಾಲು ಹಿಂದೆ ಬೀಳುತ್ತೆ, ಕ್ಯಾರಿಯರ್ ಹಿಂದೆ ಮಾತ್ರ ಇದ್ದರೆ ಸಾಮಾನಿನದೂ ಅಲ್ಲೇ. ಫ್ರೀವೀಲ್ ಇರುವ ಬದಿಯ ಕಡ್ಡಿಗಳು (ಸ್ಪೋಕ್) ನೆಟ್ಟಗೆ ನಿಂತು ಹೆಚ್ಚು ಬಿಗಿಯಾಗಿರುತ್ತವೆ, ಮುರಿಯೋದು ಅವೇ, ಅದೂ ಹಬ್ಬಿನ ಹತ್ತಿರದ ಬಾಗಿನಲ್ಲಿ. ಫ್ರೀವೀಲ್ ಬಿಚ್ಚದೆ ಹೊಸ ಕಡ್ಡಿ ತೂರಿಸೋಕಾಗಲ್ಲ. ಬಿಚ್ಚೋಕೆ ನಿಮ್ಮ ಫ್ರೀವೀಲ್‌ಗೆ ಹೊಂದುವ ರಿಮೂವರ್ ಬೇಕು. ಅದು ಹಳ್ಳಿ ಅಂಗಡಿಯಲ್ಲಿ ಇರುತ್ತೆ ಅಂತ ನಂಬಬೇಡಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಯ್ಯಿರಿ. ದೊಡ್ಡ ಸ್ಪ್ಯಾನರ್ ಟ್ರ್ಯಾಕ್ಟರ್ ರಿಪೇರಿ ಮಾಡುವವರ ಹತ್ತಿರ ಸಿಗುತ್ತೆ. ಎರಡೂ ಅಳತೆಯ ಕಡ್ಡಿ ಎರಡೆರಡು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ಹೊರಡುವ ಎರಡು ವಾರ ಮುಂಚೆ ಹಿಂದಿನ ಗಾಲಿ ಎರಡೂ ಬೆಂಡ್ ತೆಗೆಸಿ, ಕಡ್ಡಿ ಬಿಗಿ ಸಮ ಮಾಡಿಸಿ, ಒಂದು ದಿನ ತುಂಬಿದ ಸಾಮಾನಿನಲ್ಲಿ ಓಡಿಸಿ, ಮತ್ತೆ ನೋಡಿಸಿ. ಹೊಸ ಬಿಗಿ ಮೊದಲ ಓಟದಲ್ಲಿ ಸ್ವಲ್ಪ ಸಡಿಲವಾಗುತ್ತೆ.

ಸಾಮಾನನ್ನು ಅರ್ಧರ್ಧ ಹಂಚಬೇಡಿ. ಯಜಮಾನರಿಗೆ 13, ನಿಮಗೆ 9 ಕೆ.ಜಿ. ಇಬ್ಬರ ವೇಗ ಒಂದಾಗೋದು ಹಾಗೆ. ಆದರೆ ಪಂಚರ್ ಸಾಮಾನು ಮಾತ್ರ ಇಬ್ಬರ ಹತ್ತಿರವೂ ಇರಲಿ: ಒಂದು ಪಂಪು, ಎರಡು ಟ್ಯೂಬು, ಟೈರ್ ಲಿವರ್. ಪಂಪು ಮುಂದೆ ಹೋದವರ ಬ್ಯಾಗಿನಲ್ಲಿ, ಪಂಚರ್ ಹಿಂದಿರುವವರ ಗಾಲಿಯಲ್ಲಿ ಆಗೋದೇ ಜಾಸ್ತಿ. ಭಾರದ ವಸ್ತು ಬ್ಯಾಗಿನ ತಳದಲ್ಲಿ, ಗಾಲಿಯ ಅಚ್ಚಿಗೆ ಹತ್ತಿರವಾಗಿ. ಟೆಂಟಿನ ಕೋಲು ಕ್ಯಾರಿಯರ್ ಮೇಲೆ ಉದ್ದಕ್ಕೆ. ಬ್ಯಾಗ್ ಸಿಕ್ಕಿಸಿದ ಮೇಲೆ ಪೆಡಲ್ ತುಳಿದು ನೋಡಿ, ಹಿಮ್ಮಡಿ ತಾಗಿದರೆ ಬ್ಯಾಗನ್ನು ಹಿಂದಕ್ಕೆ ಸರಿಸಿ.

ಕ್ಯಾರಿಯರ್ ಬೋಲ್ಟು ಎಂ5 ಅಳತೆಯವು, 4 ಮಿ.ಮೀ. ಅಲೆನ್ ಕೀ. ಜಲ್ಲಿ ರಸ್ತೆಯ ನಡುಕಕ್ಕೆ ಸಡಿಲಾಗಿ, ಸಡಿಲ ಬೋಲ್ಟು ಬಳುಕಿ ಬಳುಕಿ ಫ್ರೇಮಿನೊಳಗೇ ತುಂಡಾಗುತ್ತೆ. ನೀಲಿ ಲಾಕ್‌ಟೈಟ್ (ಬೋಲ್ಟು ಸಡಿಲಾಗದ ಹಾಗೆ ಹಿಡಿಯುವ ಅಂಟು) ಹಚ್ಚಿ ಬಿಗಿ ಮಾಡಿ, ದಿನಾ ಬೆಳಿಗ್ಗೆ ಕೀ ಇಟ್ಟು ಒಮ್ಮೆ ನೋಡಿ. ಹೆಚ್ಚುವರಿ ನಾಲ್ಕು ಬೋಲ್ಟು, ಹತ್ತು ಜಿಪ್ ಟೈ ಇರಲಿ.

ಗೇರು: ಮುಂದೆ 28, ಹಿಂದೆ 28 ಅಂದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಒಂದು ಸುತ್ತು. ಬಯಲಲ್ಲಿ ಸಾಕು, ಹುಲಿಯೂರುದುರ್ಗದ ಸುತ್ತಿನ ಏರಿಳಿತದಲ್ಲಿ ಮೂರನೇ ದಿನ ಕಷ್ಟ. 14-34 ಫ್ರೀವೀಲ್ ಹಾಕಿಸಿ. ಹಿಂದಿನ ಡಿರೈಲರ್ (ಗೇರು ಬದಲಿಸುವಾಗ ಚೈನು ಸರಿಸುವ ಭಾಗ) 34 ಹಲ್ಲು ಎಳೆಯುತ್ತಾ ಅಂತ ಮೊದಲು ವಿಚಾರಿಸಿ. ಚೈನನ್ನೂ ಜೊತೆಗೇ ಬದಲಿಸಿ, 116 ಲಿಂಕಿನದು ಸಾಲುತ್ತೆ. ಹಳೇ ಚೈನು ಗಿಡ್ಡವಾಗಿದ್ದು ಮುಂದೆ, ಹಿಂದೆ ಎರಡೂ ಕಡೆ ದೊಡ್ಡ ಚಕ್ರಕ್ಕೆ ಬಿದ್ದರೆ ಡಿರೈಲರ್ ಕಿತ್ತುಬರುತ್ತೆ.

ಟೈರು 35 ಇರಲಿ, ಫ್ರೇಮಿನಲ್ಲಿ ಜಾಗವಿದ್ದರೆ 38 ಇನ್ನೂ ಒಳ್ಳೇದು. ಯಜಮಾನರಿಗೆ ಹಿಂದೆ 65 ಪಿಎಸ್‌ಐ, ಮುಂದೆ 50. ನಿಮಗೆ 50, 40. ಕೆರೆ ಏರಿಗಳ ಮೇಲೆಲ್ಲಾ ಬಳ್ಳಾರಿ ಜಾಲಿ. ಅದರ ಮುಳ್ಳು ಟೈರಿನ ಒಳಗೆ ಮುರಿದುಕೊಂಡು ನಿಲ್ಲುತ್ತೆ, ಹೊರಗೆ ಕಾಣಲ್ಲ. ಟ್ಯೂಬು ಬದಲಿಸಿ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋದರೆ ಕಾರಣ ಇದೇ. ಟೈರಿನ ಒಳಮೈ ಮೇಲೆ ಬಟ್ಟೆ ಎಳೆಯಿರಿ, ಸಿಕ್ಕಿಕೊಂಡ ಕಡೆ ಮುಳ್ಳಿದೆ. ಕೀಳೋಕೆ ಚಿಕ್ಕ ಚಿಮಟ ಬೇಕು.

ಇನ್ನೊಂದು ಮಾತು, ಇದು ನಮ್ಮ ಸೀಮೆಯದೇ ಸಮಸ್ಯೆ. ಡಿಸೆಂಬರ್–ಜನವರಿ ಅಂದರೆ ರಾಗಿ, ಹುರುಳಿ ಒಕ್ಕಣೆ. ಗಾಡಿ ಹತ್ತಿ ಕಾಳು ಉದುರಲಿ ಅಂತ ರಸ್ತೆ ಮೇಲೇ ಹರಡಿರುತ್ತಾರೆ. ಸೈಕಲ್ ಅದರ ಮೇಲೆ ಓಡಿಸಲೇಬೇಡಿ. ಗಾಲಿ ಜಾರೋದು ಒಂದು. ಅದಕ್ಕಿಂತ ಕೆಟ್ಟದ್ದು, ಹುರುಳಿ ಬಳ್ಳಿ ಡಿರೈಲರ್‌ನ ಪುಟ್ಟ ಗಾಲಿಗೆ ಸುತ್ತಿಕೊಂಡು, ಡಿರೈಲರ್ ಕಡ್ಡಿಯೊಳಗೆ ಎಳೆದುಕೊಂಡು ಹ್ಯಾಂಗರ್ (ಡಿರೈಲರ್ ಅನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿಯುತ್ತೆ. ಇಳಿದು, ಹಿಂದಿನ ಗಾಲಿ ಎತ್ತಿ ದಾಟಿಸಿ. ನಿಮ್ಮ ಫ್ರೇಮಿನ ಹ್ಯಾಂಗರ್ ಬಿಚ್ಚುವಂಥದ್ದಾದರೆ ಅದೇ ಮಾದರಿಯದೊಂದು ಇಟ್ಟುಕೊಳ್ಳಿ, ಒಂದು ಕಂಪನಿಯದು ಇನ್ನೊಂದಕ್ಕೆ ಕೂರಲ್ಲ. ಅದೂ ಇಲ್ಲದಿದ್ದರೆ ಚೈನ್ ಕಟ್ಟರ್‌ನಲ್ಲಿ ಚೈನು ಗಿಡ್ಡ ಮಾಡಿ, ಡಿರೈಲರ್ ಬಿಟ್ಟು, ಮಧ್ಯದ ಒಂದೇ ಗೇರಿನಲ್ಲಿ ಮದ್ದೂರು ತನಕ ಬರಬಹುದು. ಚೈನಿನ ಎರಡು ತುದಿ ಸೇರಿಸುವ ಕೊಂಡಿ, ಅಂದರೆ 7–8 ಗೇರಿನ ಕ್ವಿಕ್ ಲಿಂಕ್, ಎರಡು ಇರಲಿ.

ಎರಡುಗಾಲಿ_ತುಮಕೂರು:

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಮಡಚುವ ಕುರ್ಚಿ ಎರಡು, ದೊಡ್ಡ ಕುಕ್ಕರ್ ತೆಗೆದಿಟ್ಟೆ, ಈಗ 25ಕ್ಕೆ ಬಂತು. ಟೆಂಟ್ ವಿಷಯ ಯಾರಾದರೂ ಹೇಳಿ. ಮಾರ್ಕೋನಹಳ್ಳಿ ಕಟ್ಟೆ ಕೆಳಗೆ, ಹೊಳೆ ಮರಳಿನ ಮೇಲೆ ಮೆತ್ತಗಿರುತ್ತೆ, ಅಲ್ಲಿ ಹಾಕೋಣ ಅಂತ ನಮ್ಮ ಯಜಮಾನರ ಆಸೆ.

ಬಯಲುನಿದ್ದೆ:

ಅಲ್ಲಿ ಮಾತ್ರ ಬೇಡ ಮೇಡಂ, ಯಜಮಾನರಿಗೆ ಗಟ್ಟಿಯಾಗಿ ಹೇಳಿ. ಮಾರ್ಕೋನಹಳ್ಳಿಯಲ್ಲಿ ತಾನಾಗಿಯೇ ನೀರು ಬಿಡುವ ಸೈಫನ್ ಇದೆ. ಜಲಾಶಯದ ನೀರು ಒಂದು ಮಟ್ಟ ಮುಟ್ಟಿದರೆ ಸೈಫನ್ ಎಳೆಯೋಕೆ ಶುರುಮಾಡುತ್ತೆ, ಗೇಟ್ ಎತ್ತೋಕೆ ಮನುಷ್ಯರೇ ಬೇಕಾಗಿಲ್ಲ. ಅರ್ಥ ಏನು ಅಂದರೆ, ಯಾರೋ ಬಂದು ಎಚ್ಚರಿಸುತ್ತಾರೆ ಅಂತ ಕಾಯೋ ಹಾಗಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಡಿಸೆಂಬರ್‌ನಲ್ಲೂ ಕಟ್ಟೆ ತುಂಬಿರಬಹುದು. ಇನ್ನು ಮದ್ದೂರು ಕಡೆ ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿವೆ, ಮೇಲೆ ನೀರು ನಿಂತು ಆಳ ಗೊತ್ತಾಗಲ್ಲ. ಸ್ನಾನಕ್ಕೂ ಇಳಿಯಬೇಡಿ.

ನೀರಿನ ಹತ್ತಿರ ಟೆಂಟ್ ಹಾಕದೇ ಇರೋಕೆ ಇನ್ನೊಂದು ಕಾರಣ ಇಬ್ಬನಿ. ಇಬ್ಬರು ರಾತ್ರಿಯೆಲ್ಲಾ ಉಸಿರು ಬಿಟ್ಟ ತೇವ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗುತ್ತೆ. ದಂಡೆಯಲ್ಲಿ ಗಾಳಿಯೇ ಒದ್ದೆ, ಬೆಳಿಗ್ಗೆಗೆ ಹಾಸಿಗೆ ನೆನೆದಿರುತ್ತೆ. ನೀರಿಂದ 100–200 ಮೀಟರ್ ಆಚೆ, ಸ್ವಲ್ಪ ಎತ್ತರದಲ್ಲಿ ಹಾಕಿ. ಹೊರಬಟ್ಟೆ ಒಳಬಟ್ಟೆಗೆ ತಾಗದ ಹಾಗೆ ಬಿಗಿಯಾಗಿ ಎಳೆದು ಕಟ್ಟಿ, ಕಿಟಕಿಗಳ ಜಿಪ್ ಒಂದು ಗೇಣು ತೆರೆದಿಡಿ. ಚಳಿ ಅಂತ ಪೂರಾ ಮುಚ್ಚಿದರೆ ತೇವ ಇನ್ನೂ ಜಾಸ್ತಿ.

ಜಾಗ ಎಲ್ಲಿ ಕೇಳೋದು? ಸಂಜೆ ನಾಲ್ಕೂವರೆಗೆ ಊರೊಳಗೆ ಹೋಗಿ ಟೀ ಅಂಗಡಿಯಲ್ಲಿ ಕೂತು, ಎಲ್ಲಿಂದ ಎಲ್ಲಿಗೆ ಹೋಗ್ತಿದ್ದೀವಿ ಅಂತ ಹೇಳಿ, ದೇವಸ್ಥಾನದ ಆವರಣವೋ ಸಮುದಾಯ ಭವನವೋ ಯಾರ ಸುಪರ್ದಿಯಲ್ಲಿದೆ ಕೇಳಿ. ಗಂಡ ಹೆಂಡತಿ ಅಂದ ಮೇಲೆ ಬಹಳ ಕಡೆ ಟೆಂಟೇ ಬೇಡ, ಜಗಲಿ ಮೇಲೆ ಮಲಗಿ ಅಂತಾರೆ. ಕತ್ತಲಾದ ಮೇಲೆ ಹೇಳದೆ ಕೇಳದೆ ತೋಟಕ್ಕೆ ನುಗ್ಗಿದರೆ ಮೋಟರ್ ಕೇಬಲ್ ಕಳ್ಳರು ಅಂದುಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರ ಕ್ಷೇತ್ರ ಇರೋದರಿಂದ ಆ ರಾತ್ರಿ ಕೊಠಡಿ ನೋಡಿಕೊಂಡು ಟೆಂಟಿಗೆ ವಿರಾಮ ಕೊಡಿ, ಬಟ್ಟೆ ಒಗೆದು ಒಣಗಿಸಿಕೊಳ್ಳಬಹುದು.

ತೋಟದವರು ಒಪ್ಪಿದರೂ ತೆಂಗಿನ ಮರದ ಕೆಳಗೆ ಟೆಂಟ್ ಬೇಡ. ಕಾಯಿ ಬೀಳೋದು ಎಲ್ಲರಿಗೂ ಹೊಳೆಯುತ್ತೆ, ಒಣಗಿದ ಗರಿ ಬೀಳೋದು ಮರೆತುಬಿಡುತ್ತಾರೆ. ಅದರ ಬುಡ ತೊಲೆಯಷ್ಟು ಭಾರ. ಹುಲ್ಲಿನ ಬಣವೆಯಿಂದಲೂ ದೂರ ಇರಿ. ಒಂದು, ಒಲೆಯ ಕಿಡಿ. ಇನ್ನೊಂದು, ಬಣವೆ ಅಂದರೆ ಇಲಿ, ಇಲಿ ಹಿಂದೆ ಹಾವು. ಕೊಳಕುಮಂಡಲ ನಮ್ಮ ಹೊಲಗಳಲ್ಲಿ ಸಾಮಾನ್ಯ, ರಾತ್ರಿ ಓಡಾಡುತ್ತೆ. ಮೂತ್ರಕ್ಕೆ ಎದ್ದರೂ ಬೂಟು ಕೊಡವಿ ಹಾಕಿ, ಟಾರ್ಚು ಹಿಡಿದೇ ಹೋಗಿ. ಕಚ್ಚಿದರೆ ಕಟ್ಟೋದು, ಕೊಯ್ಯೋದು ಬೇಡ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ.

ನಮ್ಮ ನೆಲ ಗೊರಚು, ಟೆಂಟ್ ಜೊತೆ ಬರುವ ಅಲ್ಯೂಮಿನಿಯಂ ಗೂಟ ಬಾಗುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಆರಿಂಚಿನ ಮೊಳೆ ಹತ್ತು ತಗೊಳ್ಳಿ.

ನೀರಿನ ವಿಷಯ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇರುತ್ತೆ, ಬಹಳ ಕಡೆ ನಾಣ್ಯ ಹಾಕುವ ಯಂತ್ರ. ಐದು ರೂಪಾಯಿಯ ಹತ್ತು ನಾಣ್ಯ ಜೇಬಲ್ಲಿರಲಿ. ಒಂದು ನಾಣ್ಯಕ್ಕೆ ಬರುವ ನೀರು ನಿಮಗೆ ಬೇಕಾದ್ದಕ್ಕಿಂತ ಹೆಚ್ಚು, ಬಿಂದಿಗೆ ತಂದವರ ಜೊತೆ ಸೇರಿ ಹಿಡಿದುಕೊಳ್ಳಿ. ತುಮಕೂರು ಜಿಲ್ಲೆಯ ಅನೇಕ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗಲ್ಲ. ಓಡಿಸುವಾಗ ಒಬ್ಬೊಬ್ಬರ ಹತ್ತಿರ 2 ಲೀಟರ್, ಕೊನೆಯ ಊರಿನಲ್ಲಿ ರಾತ್ರಿಗೆ ಇನ್ನೂ 5 ಲೀಟರ್ ತುಂಬಿಕೊಳ್ಳಿ.

ಅಡುಗೆ ಕಡಿಮೆ ಇಟ್ಟುಕೊಳ್ಳಿ. ಸ್ಕ್ರೂ ಕ್ಯಾನಿಸ್ಟರಿನ ಪುಟ್ಟ ಒಲೆಯಲ್ಲಿ ಒಂದು ಲೀಟರ್ ನೀರು ಕುದಿಯೋಕೆ 12–15 ಗ್ರಾಂ ಗ್ಯಾಸ್. ಬೆಳಿಗ್ಗೆ ಕಾಫಿ, ರಾತ್ರಿ ಒಂದು ಅಡುಗೆ ಅಂದರೆ ದಿನಕ್ಕೆ 40–50 ಗ್ರಾಂ, 230 ಗ್ರಾಮಿನ ಒಂದು ಡಬ್ಬಿ ಐದು ರಾತ್ರಿಗೆ ಸರಿಹೋಗುತ್ತೆ. ಗಾಳಿಗೆ ಮರೆ ಇಲ್ಲದಿದ್ದರೆ ಇದರ ಎರಡರಷ್ಟು. ಟೆಂಟಿನೊಳಗೆ ಹಚ್ಚಬೇಡಿ. ರಾಗಿ ಹುರಿಹಿಟ್ಟು ಒಂದು ಕೆ.ಜಿ., ಪುಡಿ ಬೆಲ್ಲ ಅರ್ಧ ಕೆ.ಜಿ. ಇದ್ದರೆ ಒಲೆ ಹಚ್ಚದೆಯೂ ಹೊಟ್ಟೆ ತುಂಬುತ್ತೆ.

ಸೀಟುಪಟ್ಟಿ:

ಒಂದೆರಡು ಬಿಟ್ಟುಹೋದದ್ದು, ಮೇಡಂಗೆ. ಸೀಟು ನಿಮ್ಮ ಮೂಳೆಯ ಅಗಲಕ್ಕೆ ಇರಬೇಕು, ಯಜಮಾನರ ಸೈಕಲ್ಲಿನ ಸೀಟೇ ನಿಮಗೂ ಅಂತಲ್ಲ. ಸೀಟಿನ ಮೂತಿ ಕೂದಲೆಳೆಯಷ್ಟು ಕೆಳಗಿರಲಿ. ಪ್ಯಾಡ್ ಚಡ್ಡಿ ಮೂರು ಜೊತೆ, ಒಳಗೆ ಬೇರೆ ಒಳಉಡುಪು ಬೇಡ, ಹೊಲಿಗೆ ಉಜ್ಜಿ ಗಾಯವಾಗುತ್ತೆ. ಮೇಲೆ ಸಡಿಲ ಚೂಡಿದಾರ್ ಪ್ಯಾಂಟ್ ಹಾಕಿದರೆ ಬಲಗಾಲಿನ ತುದಿಗೆ ಪಟ್ಟಿ ಕಟ್ಟಿ. ಶೌಚಕ್ಕೆ ಪೆಟ್ರೋಲ್ ಬಂಕು, ಬಸ್ ನಿಲ್ದಾಣ ಲೆಕ್ಕ ಹಾಕಿಕೊಂಡೇ ನಿಲ್ಲುವ ಊರು ಆರಿಸಿ. ಅದಿಲ್ಲ ಅಂತ ನೀರು ಕಡಿಮೆ ಕುಡಿಯೋದು ದೊಡ್ಡ ತಪ್ಪು.

ರಸ್ತೆಯಲ್ಲಿ ಜೋಡಿಯಾಗಿ ಬೇಡ, ಒಬ್ಬರ ಹಿಂದೆ ಒಬ್ಬರು, ನಿಧಾನದವರು ಮುಂದೆ. ಪ್ರತಿ ಕವಲಿನಲ್ಲೂ ನಿಂತು ಕಾಯಬೇಕು, ಫೋನ್ ಸಿಗ್ನಲ್ ನಂಬಬೇಡಿ.

ವಾಪಸ್ಸು: ಮಳವಳ್ಳಿಯಲ್ಲಿ ರೈಲಿಲ್ಲ. ಮಂಡ್ಯಕ್ಕೆ ಬಂದು ಸೈಕಲ್ಲುಗಳನ್ನು ಪಾರ್ಸೆಲ್‌ನಲ್ಲಿ ಹಾಕಿಸಿ, ಯಾವ ಗಾಡಿಗೆ ತಗೋತಾರೆ ಅಂತ ಹಿಂದಿನ ದಿನವೇ ಕೌಂಟರಿನಲ್ಲಿ ಕೇಳಿ. ಗ್ಯಾಸ್ ಡಬ್ಬಿ ರೈಲಿಗೆ ಒಯ್ಯುವ ಹಾಗಿಲ್ಲ, ಉಳಿದದ್ದನ್ನು ಕೊನೆಯ ಬೆಳಿಗ್ಗೆ ಕಾಫಿಗೇ ಖಾಲಿ ಮಾಡಿ. ಬ್ಯಾಗು, ಲೈಟು, ಪಂಪು ಬಿಚ್ಚಿಕೊಂಡು ಕೈಯಲ್ಲಿಟ್ಟುಕೊಳ್ಳಿ. ಹ್ಯಾಂಡಲ್ ಅಡ್ಡ ತಿರುಗಿಸಿ, ಡಿರೈಲರ್ ಬದಿಗೆ ರಟ್ಟು ಕಟ್ಟಿ.