ನೋಡದೆ ಬಂದವರಿಗೆ ಮತ್ತೆ ಪಾಠ ಮಾಡಬೇಕಾ?

ಕಾಫಿಹೂ, ಮಡಿಕೇರಿ
ಬಿ.ಎಸ್ಸಿ. ಸಸ್ಯಶಾಸ್ತ್ರ, 60 ಮಕ್ಕಳು, ಒಂದು ಗಂಟೆಯ ಕ್ಲಾಸ್. ಪಾಠದ ವಿಡಿಯೊ ಮೊದಲೇ ಕಳಿಸಿ ಕ್ಲಾಸಿನಲ್ಲಿ ಚರ್ಚೆ ಮಾಡಿಸಬೇಕು ಅಂತ ಶುರುವಾಗಿದೆ. ವಿಡಿಯೊ 40 ನಿಮಿಷದ್ದು, ನೋಡಿ ಬರುವವರು ಕಾಲು ಭಾಗವೂ ಇಲ್ಲ. ಮಳೆ ಹಿಡಿದರೆ ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅವರಿಗಾಗಿ ಮತ್ತೆ ಪಾಠ ಮಾಡಿದರೆ ಚರ್ಚೆಗೆ ಹೊತ್ತೇ ಉಳಿಯೋದಿಲ್ಲ.

ಡಸ್ಟರ್
ಮತ್ತೆ ಪಾಠ ಮಾಡೋದನ್ನು ಮೊದಲು ನಿಲ್ಲಿಸಿ ಮೇಡಂ. ಹೇಗೂ ಕ್ಲಾಸಿನಲ್ಲಿ ಹೇಳ್ತಾರೆ ಅಂತ ಗೊತ್ತಾದರೆ ನೋಡುತ್ತಿದ್ದವರೂ ಬಿಡ್ತಾರೆ.

40 ನಿಮಿಷದ್ದನ್ನು 7 ನಿಮಿಷದ ತುಂಡು ಮಾಡಿ, ಒಂದು ಕ್ಲಾಸಿಗೆ ಎರಡು ಸಾಕು. 360ಪಿಯಲ್ಲಿ, ಧ್ವನಿ ಸೇರಿ ಸೆಕೆಂಡಿಗೆ 300 ಕಿಲೋಬಿಟ್‌ಗೆ ಇಳಿಸಿದರೆ ಒಂದು ತುಂಡು 16 ಎಂಬಿ ದಾಟೋದಿಲ್ಲ. ಬರೀ ಧ್ವನಿ, 48 ಕಿಲೋಬಿಟ್ ಆದರೆ ಎರಡೂವರೆ ಎಂಬಿ. ಅದರ ಜೊತೆ ಚಿತ್ರಗಳಿರುವ ಒಂದು ಪುಟ ಜೆರಾಕ್ಸ್ ಕೊಡಿ. ಲಿಂಕ್ ಕಳಿಸಬೇಡಿ, ಫೈಲ್ ಕೊಡಿ: ಸೋಮವಾರದ ಪಾಠ ಶುಕ್ರವಾರ ಸಂಜೆ ಬಸ್ ಹತ್ತುವ ಮೊದಲೇ ಮೊಬೈಲ್‌ಗೆ ಬಿದ್ದಿರಬೇಕು.

ಕ್ಲಾಸಿನ ಮೊದಲ 5 ನಿಮಿಷ, ಅರ್ಧ ಹಾಳೆಯಲ್ಲಿ ಮೂರು ಪ್ರಶ್ನೆ. ಅಂಕ ಇಂಟರ್ನಲ್ಸ್‌ಗೆ ಸೇರಲಿ, ಆದರೆ ತೀರಾ ಕಡಿಮೆ ಇರಲಿ. ಜಾಸ್ತಿಯಾದರೆ ಕಾಪಿ ಶುರು. ನೋಡದೆ ಬಂದವರು ಆ ಜೆರಾಕ್ಸ್ ಹಿಡಿದು ಹಿಂದಿನ ಬೆಂಚಿನಲ್ಲಿ 10 ನಿಮಿಷ ಓದಿಕೊಂಡು ಆಮೇಲೆ ಗುಂಪಿಗೆ ಸೇರಲಿ.

ಮೂರನೇ ಬೆಂಚು
ಚರ್ಚೆ ಅಂದರೆ ಏನು ಮಾಡಿಸ್ತಿದ್ದೀರಿ? "ಚರ್ಚಿಸಿ" ಅಂದರೆ ಯಾರೂ ಚರ್ಚಿಸೋದಿಲ್ಲ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ ಕ್ರಮ ನೋಡಿ. ಒಂದು ಪ್ರಶ್ನೆ, ನಾಲ್ಕು ಉತ್ತರ, ಎರಡು ಸಲ ವೋಟು.

ಉದಾಹರಣೆಗೆ: ಒಂದೇ ಕ್ಲೋನಿನ (ಒಂದೇ ತಾಯಿಗಿಡದ ತದ್ರೂಪು) ಗಿಡ ನೆಟ್ಟ ರೊಬಸ್ಟಾ ಕಾಫಿ ತೋಟ. ಹೂ ಮಳೆ (ಮೊಗ್ಗು ಬಿರಿಸುವ ಮಳೆ) ಸರಿಯಾಗಿ ಬಿದ್ದಿದೆ, ಹೂ ಬಿರಿದಿದೆ, ಕಾಯಿ ಮಾತ್ರ ಕಟ್ಟಿಲ್ಲ. ಗೊಬ್ಬರ ಸಾಲದೆಯೋ, ನೆರಳು ಹೆಚ್ಚಾಗಿಯೋ, ಪರಾಗವೇ ಹುಟ್ಟದೆಯೋ, ತನ್ನದೇ ಪರಾಗವನ್ನು ಹೂವು ಒಪ್ಪದೆಯೋ? ತೋಟದ ಮನೆಯ ಮಕ್ಕಳು ಮೊದಲು ಗೊಬ್ಬರಕ್ಕೇ ವೋಟು ಹಾಕ್ತಾರೆ! ಸರಿಯುತ್ತರ ಕೊನೆಯದು: ಎಲ್ಲ ಒಂದೇ ಕ್ಲೋನ್ ಆದ್ದರಿಂದ ಪಕ್ಕದ ಗಿಡದ ಪರಾಗವೂ ತನ್ನದೇ ಇದ್ದಂತೆ. ಬೆನ್ನಿಗೇ ಕೇಳಿ: ಅರೇಬಿಕಾ ಆಗಿದ್ದರೆ? ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಒಂದು ನಿಮಿಷ ಮಾತಿಲ್ಲದೆ ಯೋಚನೆ, ವೋಟು. ಸರಿ ಹೇಳಿದವರು ಶೇ 30ಕ್ಕಿಂತ ಕಡಿಮೆ ಇದ್ದರೆ ನೀವೇ ವಿವರಿಸಿ. 30ರಿಂದ 70ರ ನಡುವೆ ಇದ್ದರೆ ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಲು 3 ನಿಮಿಷ, ಮತ್ತೆ ವೋಟು. 70 ದಾಟಿದರೆ ಮುಂದಕ್ಕೆ ಹೋಗಿ. ಮೊದಲ ವೋಟಿನ ಲೆಕ್ಕ ಬೋರ್ಡಿನಲ್ಲಿ ಬರೆಯಬೇಡಿ, ಎಲ್ಲರೂ ಹೆಚ್ಚಿದ್ದ ಕಡೆಗೆ ವಾಲುತ್ತಾರೆ. ಕೈ ಎತ್ತಿಸುವುದೂ ಬೇಡ. ನಾಲ್ಕು ಬಣ್ಣದ ರಟ್ಟು ಕೊಟ್ಟು ಎಲ್ಲರೂ ಒಟ್ಟಿಗೇ ಎದೆಯ ಹತ್ತಿರ ಹಿಡಿಯಲಿ.

ಕಾಫಿಹೂ, ಮಡಿಕೇರಿ
ರಟ್ಟಿನದು ನಾಳೆಯೇ ಆಗಬಹುದು. ಗುಂಪು ಕೆಲಸದಲ್ಲಿ ಒಬ್ಬರೇ ಬರೆದು ಉಳಿದವರು ಸಹಿ ಹಾಕ್ತಾರಲ್ಲ, ಅದಕ್ಕೇನು?

ಡಸ್ಟರ್
ಪಾಠವನ್ನೇ ನಾಲ್ಕು ಭಾಗ ಮಾಡಿ. ನಾಲ್ಕು ಜನರಂತೆ 15 ಗುಂಪು, ಒಬ್ಬರಿಗೆ ಒಂದು ಭಾಗ. ಒಂದೇ ಭಾಗ ಸಿಕ್ಕಿದ 15 ಜನರನ್ನು ಒಟ್ಟಿಗೆ ಕೂರಿಸಬೇಡಿ, ಸಂತೆಯಾಗುತ್ತದೆ. ಐದೈದು ಜನ ಕೂತು 12 ನಿಮಿಷ ಕಲಿತು, ತಮ್ಮ ಗುಂಪಿಗೆ ಮರಳಿ ಕಲಿಸಲಿ. ಕೊನೆಯ ಕಿರು ಪರೀಕ್ಷೆ ಒಬ್ಬೊಬ್ಬರದೇ, ನಾಲ್ಕೂ ಭಾಗದಿಂದ.

ಶೀಟ್ ಮಾಡಿನ ಕೋಣೆಯಾದರೆ ಜುಲೈನಲ್ಲಿ ಇದನ್ನಿಟ್ಟುಕೊಳ್ಳಬೇಡಿ. ಮಳೆಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳೋದಿಲ್ಲ. ಆ ತಿಂಗಳು ರಟ್ಟೇ ವಾಸಿ.